ವಿದ್ಯುತ್ ಬೇಲಿ ಮತ್ತು ಮನೆಯ ನಾಯಿಗಳು

ಪ್ರಾಣಿ ಮುಟ್ಟಿದ ಕ್ಷಣದಲ್ಲಿ ಚುರುಕಾದ ಒಂದು ಶಾಕ್ ಕೊಟ್ಟು ಅದನ್ನು ಹಿಮ್ಮೆಟ್ಟಿಸುವ ತಂತಿಸಾಲಿಗೆ ವಿದ್ಯುತ್ ಬೇಲಿ ಎನ್ನುತ್ತಾರೆ. ಕಲ್ಲುಗೋಡೆಯಾಗಲಿ ಮರದ ಹಲಗೆಯಾಗಲಿ ಪ್ರಾಣಿಯ ದೇಹಕ್ಕೆ ಅಡ್ಡ ನಿಲ್ಲುತ್ತದೆ; ವಿದ್ಯುತ್ ತಂತಿ ಅದರ ನೆನಪಿಗೆ ಅಡ್ಡ ನಿಲ್ಲುತ್ತದೆ. ಒಮ್ಮೆ ಶಾಕ್ ತಿಂದ ದನ, ಕುದುರೆ ಅಥವಾ ನರಿ ಆ ಗೆರೆಯಿಂದ ದೂರ ಉಳಿಯುತ್ತದೆ ಎಂಬುದೇ ಇದರ ತತ್ವ. ನಾಯಿಯ ಮಟ್ಟಿಗೆ ಈ ತತ್ವಕ್ಕೆ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಒಂದು ಮಂದೆಯ ದನಗಳು ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮ. ನಾಯಿಗಳಲ್ಲಿ 2 ಕಿಲೋ ತೂಗುವ ಚಿವಾವಾದಿಂದ 60 ಕಿಲೋ ದಾಟುವ ಗ್ರೇಟ್ ಡೇನ್‌ವರೆಗೆ ಎಲ್ಲ ಅಳತೆಯವೂ ಇವೆ. ಎರಡನೆಯದಾಗಿ, ನಾಯಿ ಮನೆಮಂದಿಯ ಕಾಲಬುಡದಲ್ಲೇ ಬೆಳೆಯುವ ಪ್ರಾಣಿ. ಅದಕ್ಕೆ ಹುಟ್ಟಿದ ಭಯ ತಂತಿಯ ಮೇಲೆಯೇ ನಿಲ್ಲುತ್ತದೆ ಎಂಬ ಖಾತರಿಯಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿದ್ದ ಮಗುವಿನ ಮೇಲೂ, ಇನ್ನೊಂದು ನಾಯಿಯ ಮೇಲೂ ತಿರುಗಬಹುದು.

ಲಂಡನ್ನಿನ ಪಶ್ಚಿಮ ಅಂಚಿನಲ್ಲಿ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಿರುವ ಹೌನ್ಸ್ಲೋದಲ್ಲಿ ಈ ಪ್ರಶ್ನೆ ಹಳ್ಳಿಯದೂ ಹೌದು, ಪಟ್ಟಣದ್ದೂ ಹೌದು. ಇಲ್ಲಿನ ಹೆಸ್ಟನ್, ಹೌನ್ಸ್ಲೋ ವೆಸ್ಟ್ ಮೊದಲಾದ ಬಡಾವಣೆಗಳ ಬಹಳಷ್ಟು ಮನೆಗಳು ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಜೋಡಿಮನೆಗಳು. ಹಿಂದೆ ಉದ್ದನೆಯ ಹಿತ್ತಲು, ಅಕ್ಕಪಕ್ಕದವರ ನಡುವೆ ಆಳೆತ್ತರದ ಹಲಗೆಬೇಲಿ, ರಾತ್ರಿಯಾದರೆ ಹಿತ್ತಲಿನಿಂದ ಹಿತ್ತಲಿಗೆ ಓಡಾಡುವ ಕೆಂಪು ನರಿಗಳು. ನಾಲ್ಕಾರು ಕೋಳಿ ಸಾಕಿದವರು, ತರಕಾರಿ ಪಾತಿ ಅಥವಾ ಮೀನುಕೊಳ ಮಾಡಿಕೊಂಡವರು ನರಿಯ ಕಾಟಕ್ಕೆ ವಿದ್ಯುತ್ ತಂತಿಯನ್ನು ಯೋಚಿಸುವುದು ಸಹಜ. ಅದೇ ಹಿತ್ತಲಿನಲ್ಲಿ ಮನೆಯ ನಾಯಿಯೂ ಓಡಾಡುತ್ತದೆ. ಇನ್ನು ಹೌನ್ಸ್ಲೋ ಹೀತ್ ಬಯಲು, ನ್ಯಾಷನಲ್ ಟ್ರಸ್ಟಿನ ಆಸ್ಟರ್ಲಿ ಪಾರ್ಕ್, ಕ್ರೇನ್ ನದಿಯ ದಂಡೆ ಇವೆಲ್ಲ ನಾಯಿಯನ್ನು ಅಡ್ಡಾಡಿಸುವ ಜಾಗಗಳು. ಲಂಡನ್ನಿನ ಅಂಚಿನ ಇಂಥ ಕಡೆಗಳಲ್ಲಿ ದನ, ಕುದುರೆ ಮೇಯುವ ಹುಲ್ಲುಗಾವಲಿನ ಬೇಲಿ ನಾಯಿಯ ಮೂಗಿಗೆ ಎದುರಾಗಬಹುದು.

ವಿದ್ಯುತ್ ಬೇಲಿ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಾಧನಗಳಿವೆ. ಮೊದಲನೆಯದು ಜಾನುವಾರು ಬೇಲಿ: ಗೂಟ, ಇನ್ಸುಲೇಟರ್, ತಂತಿ ಮತ್ತು ಎನರ್ಜೈಸರ್ ಎಂಬ ಯಂತ್ರ. ಎರಡನೆಯದು ಕಳ್ಳಕಾಕರ ಭಯಕ್ಕೆ ಗೋದಾಮು, ಕಾರ್ಖಾನೆಗಳ ಗೋಡೆಯ ಮೇಲೆ ಎಳೆಯುವ ಭದ್ರತಾ ಬೇಲಿ. ಇದಕ್ಕೂ ಮನೆಗೂ ಸಂಬಂಧವಿಲ್ಲ. ಮೂರನೆಯದು ನೆಲದಡಿ ಹೂತ ತಂತಿ. ನಾಯಿ ಅದರ ಹತ್ತಿರ ಬಂದರೆ ಕೊರಳಪಟ್ಟಿಯಿಂದಲೇ ಶಾಕ್ ಹೊಡೆಯುತ್ತದೆ. ಇಲ್ಲಿ ಮುಖ್ಯವಾಗಿ ಮೊದಲನೆಯದನ್ನೂ ಕೊನೆಯಲ್ಲಿ ಮೂರನೆಯದನ್ನೂ ನೋಡಲಾಗುತ್ತದೆ.

ಕರ್ನಾಟಕದಿಂದ ಬಂದವರಿಗೆ ಜಾನುವಾರು ಬೇಲಿ ಹೊಸದಲ್ಲ. ಕೊಡಗು, ಹಾಸನ, ಚಾಮರಾಜನಗರದ ತೋಟ ಹೊಲಗಳಲ್ಲಿ ಆನೆ ಮತ್ತು ಹಂದಿಗೆ ಅಡ್ಡವಾಗಿ ಎಳೆಯುವ ಸೋಲಾರ್ ಬೇಲಿ, ರೈತರು ಐಬೆಕ್ಸ್ ಎಂದೂ ಝಟ್ಕಾ ಬೇಲಿ ಎಂದೂ ಕರೆಯುವ ಬೇಲಿ, ಇದೇ ಯಂತ್ರದಿಂದ ನಡೆಯುತ್ತದೆ. ಅದೇ ಊರುಗಳಲ್ಲಿ ಕಂಬದಿಂದಲೋ ಪಂಪ್‌ಸೆಟ್ಟಿನಿಂದಲೋ ನೇರವಾಗಿ ಕರೆಂಟು ಎಳೆದು ಬೇಲಿಗೆ ಕೊಟ್ಟು ಆನೆ, ದನ, ನಾಯಿ ಮತ್ತು ಮನುಷ್ಯರು ಸತ್ತ ಸುದ್ದಿಯೂ ಮತ್ತೆ ಮತ್ತೆ ಬರುತ್ತದೆ. ಈ ಎರಡಕ್ಕೂ ಇರುವ ಅಂತರವನ್ನು ತಿಳಿಯುವುದೇ ಸುರಕ್ಷತೆಯ ಮೊದಲ ಪಾಠ. ಮನೆಯ ಕರೆಂಟು 230 ವೋಲ್ಟ್. ಬೇಲಿಯ ಎನರ್ಜೈಸರ್ ಕೊಡುವುದು ಹಲವು ಸಾವಿರ ವೋಲ್ಟ್. ಆದರೂ ಕೊಲ್ಲುವುದು ಮೊದಲನೆಯದು. ಕಾರಣವೆಂದರೆ ಮನೆಯ ಕರೆಂಟು ಬಿಡುವಿಲ್ಲದೆ ಹರಿಯುತ್ತದೆ; ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ, ಹೃದಯದ ಮಿಡಿತ ತಾಳ ತಪ್ಪುತ್ತದೆ. ಎನರ್ಜೈಸರ್ ಕೊಡುವುದು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಸಾಮಾನ್ಯವಾಗಿ ಕಡಿಮೆ ಹೊತ್ತಿನ ಬಡಿತ. ಎರಡು ಬಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡಿನ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ.

ಬ್ರಿಟನ್ನಿನಲ್ಲಿ ಬೇಲಿಯ ಎನರ್ಜೈಸರ್‌ಗೆ ಅನ್ವಯಿಸುವ ಮಾನಕ ಬಿಎಸ್ ಇಎನ್ 60335-2-76. ಒಂದು ಬಡಿತದಲ್ಲಿ ತಂತಿಗೆ ಹೋಗಬಹುದಾದ ಶಕ್ತಿಗೆ ಅದು 5 ಜೌಲ್‌ಗಳ ಮಿತಿ ಹಾಕಿದೆ. ಈ ಮಿತಿ ಕಿಲೋಮೀಟರ್‌ಗಟ್ಟಲೆ ಬೇಲಿಯ ದನದ ಫಾರ್ಮಿಗೂ ಸೇರಿದ್ದು. ಕೆಲವೇ ಮೀಟರ್ ಉದ್ದದ ಹಿತ್ತಲಿಗೆ ಅಷ್ಟು ಬೇಕಿಲ್ಲ, 0.1ರಿಂದ 0.25 ಜೌಲ್‌ನ ಚಿಕ್ಕ ಯಂತ್ರ ಸಾಕು. ಅಂಗಡಿಯಲ್ಲಿ ಡಬ್ಬಿಯ ಮೇಲೆ ವೋಲ್ಟ್‌ನ ಸಂಖ್ಯೆ ದೊಡ್ಡದಾಗಿ ಕಾಣಿಸುತ್ತದೆ, ಆದರೆ ಕೊಳ್ಳುವವರು ಓದಬೇಕಾದದ್ದು ಜೌಲ್. ವೋಲ್ಟೇಜು ಶಾಕ್ ಕೂದಲನ್ನೂ ಚರ್ಮವನ್ನೂ ದಾಟುತ್ತದೆಯೇ ಎಂಬುದನ್ನು ನಿರ್ಧರಿಸುತ್ತದೆ. ದಾಟಿದ ಮೇಲೆ ಎಷ್ಟು ನೋಯುತ್ತದೆ ಎಂಬುದು ಜೌಲ್‌ಗೆ ಸೇರಿದ್ದು.

ನಾಯಿಯ ಗಾತ್ರ ಲೆಕ್ಕಕ್ಕೆ ಬರುವುದು ಇಲ್ಲಿಯೇ. ಯಂತ್ರಕ್ಕೆ ತಂತಿಯನ್ನು ಮುಟ್ಟಿದ್ದು ಯಾರೆಂದು ತಿಳಿಯುವುದಿಲ್ಲ. ಎಲ್ಲರಿಗೂ ಒಂದೇ ಬಡಿತ. 30 ಕಿಲೋದ ಲ್ಯಾಬ್ರಡಾರ್ ಮೇಲೆ ಬೀಳುವ ಬಡಿತವೇ 3 ಕಿಲೋದ ಯಾರ್ಕ್‌ಶೈರ್ ಟೆರಿಯರ್ ಮೇಲೂ ಬಿದ್ದರೆ, ಕಿಲೋ ಲೆಕ್ಕದಲ್ಲಿ ಚಿಕ್ಕ ನಾಯಿಯ ಪಾಲು ಹತ್ತು ಪಟ್ಟು. ಜೊತೆಗೆ ಚಿಕ್ಕ ನಾಯಿಯ ಮೂಗಿನಿಂದ ಮುಂಗಾಲಿಗೆ ಇರುವ ಹಾದಿ ತೀರ ಗಿಡ್ಡ. ಆದ್ದರಿಂದ ದೊಡ್ಡದೂ ಚಿಕ್ಕದೂ ಕೂಡಿರುವ ಮನೆಯಲ್ಲಿ ಯಂತ್ರದ ಬಲವನ್ನು ಅತಿ ಚಿಕ್ಕ ನಾಯಿಗೆ ತಕ್ಕಂತೆ ಆರಿಸಬೇಕು. ದೊಡ್ಡ ನಾಯಿ ಇಷ್ಟಕ್ಕೆ ಹೆದರದು ಎಂದು ಯಂತ್ರ ಬದಲಾಯಿಸುವುದು ತಪ್ಪು ದಾರಿ. ದೊಡ್ಡ ನಾಯಿಗೆ ಬೇಕಾದದ್ದು ಹೆಚ್ಚು ಎತ್ತರದ ಹಲಗೆಬೇಲಿ ಮತ್ತು ತರಬೇತಿ. ಆರು ತಿಂಗಳೊಳಗಿನ ಮರಿ, ಬಸುರಿ ನಾಯಿ, ಹೃದ್ರೋಗ ಅಥವಾ ಮೂರ್ಛೆರೋಗವಿರುವ ನಾಯಿ, ಮುಪ್ಪಿನಿಂದ ಕಣ್ಣು ಕಿವಿ ಮಂದವಾದ ನಾಯಿ ಇರುವಲ್ಲಿ ಅವು ಓಡಾಡುವ ಜಾಗಕ್ಕೆ ವಿದ್ಯುತ್ ತಂತಿಯನ್ನು ತರದಿರುವುದೇ ಸರಿ.

ಒಂದು ಬಡಿತಕ್ಕಿಂತ ದೊಡ್ಡ ಅಪಾಯ ಸಿಕ್ಕಿಹಾಕಿಕೊಳ್ಳುವುದು. ತಂತಿಯಿಂದ ಹಿಂದೆ ಸರಿಯಲಾಗದ ನಾಯಿಗೆ ನಿಮಿಷಕ್ಕೆ 60ರವರೆಗೆ ಬಡಿತ ಬೀಳಬಹುದು. ಗಂಟೆಯ ಲೆಕ್ಕ 3,600. ಕೋಳಿ ಕಾಯಲು ಮಾರುವ ಒಂದು ಮೀಟರಿಗಿಂತ ತುಸು ಎತ್ತರದ ವಿದ್ಯುತ್ ಬಲೆಯಲ್ಲಿ ಈ ಅಪಾಯ ಹೆಚ್ಚು. ಬಲೆಯ ಕಣ್ಣಿನಲ್ಲಿ ಚಿಕ್ಕ ನಾಯಿಯ ತಲೆ ತೂರುತ್ತದೆ, ಕಾಲು ತೊಡರುತ್ತದೆ. ಎಳೆದಷ್ಟೂ ಬಲೆ ಸುತ್ತಿಕೊಳ್ಳುತ್ತದೆ. ಲಂಡನ್ನಿನ ಹಿತ್ತಲುಗಳಿಗೆ ಬರುವ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈ ಪ್ರಾಣಿ ಶಾಕ್ ಹೊಡೆದರೆ ಓಡುವ ಬದಲು ಅಲ್ಲೇ ಮುದುಡಿಕೊಳ್ಳುವುದರಿಂದ ಅದಕ್ಕೂ ಇದು ಮಾರಕ. ಚಿಕ್ಕ ನಾಯಿ ಇರುವ ಹಿತ್ತಲಿನಲ್ಲಿ ಕೋಳಿಗೂಡಿಗೆ ಗಟ್ಟಿ ಕಬ್ಬಿಣದ ಜಾಲರಿ ಹಾಕಿ, ನರಿ ಹತ್ತುವ ಮತ್ತು ಅಗೆಯುವ ಕಡೆ ಮಾತ್ರ ನೇರ ತಂತಿ ಎಳೆಯುವುದು ಸುರಕ್ಷಿತ. ಮುಳ್ಳುತಂತಿಗೆ ಕರೆಂಟು ಕೊಡುವುದನ್ನು ಮಾನಕವೇ ನಿಷೇಧಿಸಿದೆ. ಮುಳ್ಳು ಹಿಡಿದುಕೊಂಡ ಪ್ರಾಣಿ ಹಿಂದೆ ಸರಿಯಲಾರದು. ಸಾರ್ವಜನಿಕ ಸ್ಥಳದಲ್ಲಿ ನಾಯಿಯ ಕೊರಳಿಗೆ ಮಾಲೀಕರ ಹೆಸರು ವಿಳಾಸದ ಬಿಲ್ಲೆ ಇರಬೇಕೆಂದು 1992ರ ಆದೇಶ ಹೇಳುತ್ತದೆ. ಹಿತ್ತಲಿನಲ್ಲಿ ಮಾತ್ರ ಜೋತಾಡುವ ಬಿಲ್ಲೆ, ಎದೆಪಟ್ಟಿ, ಬಿಟ್ಟ ಹಗ್ಗ ಇವನ್ನು ತೆಗೆದಿಟ್ಟರೆ ತಂತಿಗೆ ತಗಲಿಕೊಳ್ಳುವ ಭಯ ಕಡಿಮೆ.

ಗಾತ್ರದ ಎರಡನೆಯ ಲೆಕ್ಕ ತಂತಿಯ ಎತ್ತರ. ನಾಯಿ ಹೊಸದನ್ನು ಮೂಗಿನಿಂದ ಪರೀಕ್ಷಿಸುತ್ತದೆ. ಒದ್ದೆಯಾದ, ಕೂದಲಿಲ್ಲದ ಮೂಗಿನ ತುದಿಗೆ ಶಾಕ್ ತಗಲಿದರೆ ಅದು ಹಿಂದಕ್ಕೆ ಜಿಗಿಯುತ್ತದೆ. ಹೆಗಲಿಗೋ ಬೆನ್ನಿಗೋ ತಗಲಿದರೆ ಅಷ್ಟರಲ್ಲಿ ಅರ್ಧ ದೇಹ ತಂತಿ ದಾಟಿರುವುದರಿಂದ ಮುಂದಕ್ಕೇ ನುಗ್ಗುತ್ತದೆ. ಆಮೇಲೆ ಹಿಂತಿರುಗಲು ಹೆದರಿ ರಸ್ತೆಯ ಕಡೆಗೆ ಓಡುತ್ತದೆ. ಆದ್ದರಿಂದ ಮುಖ್ಯ ತಂತಿ ನಾಯಿಯ ಭುಜದೆತ್ತರದ ಮೂರರಲ್ಲಿ ಎರಡು ಪಾಲಿನಷ್ಟು ಮೇಲಿರಬೇಕು. 25ರಿಂದ 30 ಸೆಂಟಿಮೀಟರ್ ಎತ್ತರದ ಜ್ಯಾಕ್ ರಸೆಲ್‌ಗೆ ಇದು 17ರಿಂದ 20 ಸೆಂಟಿಮೀಟರ್. 56 ಸೆಂಟಿಮೀಟರ್‌ನ ಲ್ಯಾಬ್ರಡಾರ್‌ಗೆ ಸುಮಾರು 37. 62 ಸೆಂಟಿಮೀಟರ್‌ನ ಜರ್ಮನ್ ಶೆಫರ್ಡ್‌ಗೆ 41. 76 ಸೆಂಟಿಮೀಟರ್ ದಾಟುವ ಗ್ರೇಟ್ ಡೇನ್‌ಗೆ 51. ಜ್ಯಾಕ್ ರಸೆಲ್ ಮತ್ತು ಲ್ಯಾಬ್ರಡಾರ್ ಎರಡೂ ಇರುವ ಮನೆಯಲ್ಲಿ 18ಕ್ಕೊಂದು, 37ಕ್ಕೊಂದು ತಂತಿ ಬೇಕಾಗುತ್ತದೆ. ಒಂದೇ ತಂತಿಯನ್ನು ನಡುವೆ ಎಳೆದರೆ ಚಿಕ್ಕದು ಕೆಳಗಿನಿಂದ ನುಸುಳುವಾಗ ಬೆನ್ನಿಗೆ ಶಾಕ್ ತಿನ್ನುತ್ತದೆ, ದೊಡ್ಡದು ದಾಟುವಾಗ ಹೊಟ್ಟೆಗೆ ತಿನ್ನುತ್ತದೆ. ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಬಲ ನೆಲಕ್ಕೆ ಸೋರುವುದರಿಂದ ಅದರಡಿಯ ಹುಲ್ಲನ್ನು ಮತ್ತೆ ಮತ್ತೆ ಕತ್ತರಿಸುತ್ತಿರಬೇಕು.

ಹಲಗೆಬೇಲಿಗೂ ತಂತಿಗೂ ನಡುವಿನ ಜಾಗವೂ ಗಾತ್ರಕ್ಕೆ ಸಂಬಂಧಿಸಿದ್ದು. ದೊಡ್ಡ ನಾಯಿಗೆಂದು ಒಂದಡಿ ಬಿಟ್ಟು ಎಳೆದ ತಂತಿಯ ಹಿಂದೆ ಚಿಕ್ಕ ನಾಯಿ ನುಸುಳಿ ಸಿಕ್ಕಿಬೀಳಬಹುದು. ಒಂದು ಕಡೆ ಹಲಗೆ, ಇನ್ನೊಂದು ಕಡೆ ಶಾಕ್, ತಿರುಗಲು ಜಾಗವಿಲ್ಲ. ಚಿಕ್ಕ ನಾಯಿಯ ತಲೆಯೂ ಹೋಗದಷ್ಟು ಹತ್ತಿರಕ್ಕೆ ತಂತಿಯನ್ನು ತಂದರೆ ಈ ಇಕ್ಕಟ್ಟು ಹುಟ್ಟುವುದೇ ಇಲ್ಲ. ದನ ಕಾಯುವ ಬೇಲಿಯಲ್ಲಿ ತಂತಿಯೇ ಗಡಿ. ನಾಯಿಯ ಮನೆಯಲ್ಲಿ ಗಡಿ ಯಾವಾಗಲೂ ಹಲಗೆಯದ್ದೋ ಇಟ್ಟಿಗೆಯದ್ದೋ ಆಗಿರಬೇಕು. ತಂತಿ ಅದನ್ನು ಅಗೆಯದಂತೆ, ಹತ್ತದಂತೆ ಕಾಯುವ ಸಹಾಯಕ ಮಾತ್ರ. ಬೆಕ್ಕಿನ ಅಥವಾ ನರಿಯ ಹಿಂದೆ ಓಡುವ ನಾಯಿಗೆ ಆ ಕ್ಷಣದಲ್ಲಿ ಶಾಕ್ ಲೆಕ್ಕಕ್ಕೇ ಬರುವುದಿಲ್ಲ.

ಕೂದಲು ಇನ್ನೊಂದು ವ್ಯತ್ಯಾಸ. ಗ್ರೇಹೌಂಡ್, ವಿಪ್ಪೆಟ್, ನಮ್ಮ ನಾಡಿನ ಮುಧೋಳ ಮೊದಲಾದ ತೆಳುಚರ್ಮದ, ಗಿಡ್ಡಕೂದಲಿನ ಬೇಟೆನಾಯಿಗಳಿಗೆ ಮೈಯ ಯಾವ ಭಾಗಕ್ಕೆ ತಗಲಿದರೂ ಶಾಕ್ ಜೋರು. ದಟ್ಟ ಒಳಗೂದಲಿನ ಹಸ್ಕಿ, ನ್ಯೂಫೌಂಡ್‌ಲ್ಯಾಂಡ್ ನಾಯಿಗಳಿಗೆ ಮೂಗು, ಬಾಯಿ, ಪಂಜ ಬಿಟ್ಟು ಬೇರೆಡೆ ಅಷ್ಟಾಗಿ ತಟ್ಟದು. ಮಳೆಯಲ್ಲಿ ನೆನೆದ ನಾಯಿಗೆ ಈ ರಕ್ಷಣೆಯೂ ಇಲ್ಲ. ತಂತಿ ನಾಯಿಗೆ ಮೊದಲೇ ಕಾಣುವಂತಿರುವುದು ಅಷ್ಟೇ ಮುಖ್ಯ. ನಾಯಿಯ ಕಣ್ಣು ನೀಲಿಯನ್ನೂ ಹಳದಿಯನ್ನೂ ಚೆನ್ನಾಗಿ ಗುರುತಿಸುತ್ತದೆ. ಕೆಂಪು ಮತ್ತು ಹಸಿರು ಅದಕ್ಕೆ ಹೆಚ್ಚುಕಡಿಮೆ ಒಂದೇ. ಹಸಿರು ಹುಲ್ಲಿನ ಎದುರು ಕಿತ್ತಳೆ ದಾರ ಮನುಷ್ಯರಿಗೆ ಎದ್ದು ಕಂಡರೂ ನಾಯಿಗೆ ಹಾಗೆ ಕಾಣಿಸುವುದಿಲ್ಲ. ಅಗಲವಾದ ಬಿಳಿ ಅಥವಾ ನೀಲಿ ಪಟ್ಟಿ ಸೂಕ್ತ.

ಶಾಕ್ ತಗಲಬೇಕಾದರೆ ಸುತ್ತು ಪೂರ್ತಿಯಾಗಬೇಕು: ಯಂತ್ರದಿಂದ ತಂತಿ, ತಂತಿಯಿಂದ ನಾಯಿಯ ದೇಹ, ಪಂಜದಿಂದ ನೆಲ, ನೆಲದಿಂದ ಅರ್ತ್ ಸಲಾಕೆ, ಅಲ್ಲಿಂದ ಮರಳಿ ಯಂತ್ರ. ಹೌನ್ಸ್ಲೋದ ನೆಲ ಥೇಮ್ಸ್ ನದಿ ಹಿಂದೆ ಹರಡಿ ಹೋದ ಜಲ್ಲಿಕಲ್ಲಿನ ಪದರ. ಇದರಲ್ಲಿ ನೀರು ಬೇಗ ಇಂಗುತ್ತದೆ. ಬೇಸಿಗೆಯಲ್ಲಿ ನೆಲ ಒಣಗಿ ಶಾಕ್ ಕುಗ್ಗುತ್ತದೆ. ಹೀಗಾದಾಗ ಯಂತ್ರದ ಬಲ ಏರಿಸಿದವರಿಗೆ ಮೊದಲ ಮಳೆಯಲ್ಲಿ ಅದೇ ಬೇಲಿ ಚಿಕ್ಕ ನಾಯಿಗೆ ವಿಪರೀತವಾಗುತ್ತದೆ. ಸರಿಯಾದ ಉಪಾಯ ಅರ್ತಿಂಗ್ ಗಟ್ಟಿ ಮಾಡುವುದು: ಸುಮಾರು ಒಂದು ಮೀಟರ್ ಉದ್ದದ, ಸತುವಿನ ಲೇಪವಿರುವ ಸಲಾಕೆಯನ್ನು ನೆರಳಿನ, ತೇವದ ಮೂಲೆಯಲ್ಲಿ ಪೂರ್ತಿ ಹೂಳುವುದು. ಇದು ಮನೆಯ ಕರೆಂಟಿನ ಅಥವಾ ಟೆಲಿಫೋನಿನ ಅರ್ತಿಂಗ್‌ನಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಹಿತ್ತಲು ಅಷ್ಟು ಉದ್ದವಿಲ್ಲದಿದ್ದರೆ ಆ ಜಾಗ ವಿದ್ಯುತ್ ಬೇಲಿಗೆ ತಕ್ಕದ್ದಲ್ಲ. ಬೇಲಿಗೆಂದೇ ಮಾಡಿದ ವೋಲ್ಟ್‌ಮೀಟರಿನಿಂದ ವಾರಕ್ಕೊಮ್ಮೆ ಅಳೆಯಬೇಕು. ನಾಯಿ ಗೌರವಿಸಲು 2,000ರಿಂದ 3,000 ವೋಲ್ಟ್ ಸಾಕು.

ತಂತಿಗೆ ಕರೆಂಟು ಕೊಡುವ ಮುನ್ನ ನಾಯಿಗೆ ಪಾಠ ಆಗಬೇಕು. ಯಂತ್ರ ಆರಿಸಿಟ್ಟು, ತಂತಿಯುದ್ದಕ್ಕೂ ಬಿಳಿ ಬಟ್ಟೆಯ ಚೂರು ಕಟ್ಟಿ, ನಾಯಿಯನ್ನು ಹಗ್ಗದಲ್ಲಿ ಹಿಡಿದು ನಡೆಸಬೇಕು. ಬಟ್ಟೆಯ ಹತ್ತಿರ ಬಂದೊಡನೆ ಕರೆದು, ತಿರುಗಿ ಬಂದರೆ ತಿಂಡಿ ಕೊಡಬೇಕು. ಹತ್ತು ನಿಮಿಷದ ಇಂಥ ಪಾಠ ದಿನಕ್ಕೆ ಎರಡು ಸಲ, ಹಲವು ದಿನ ನಡೆದರೆ ಬಹಳಷ್ಟು ನಾಯಿಗಳು ಶಾಕ್ ಇಲ್ಲದೆಯೇ ಗೆರೆ ಕಲಿಯುತ್ತವೆ. ಎರಡು ನಾಯಿಗಳಿಗೆ ಬೇರೆ ಬೇರೆಯಾಗಿಯೇ ಕಲಿಸಬೇಕು. ಜೊತೆಯಲ್ಲಿದ್ದಾಗ ಒಂದಕ್ಕೆ ಶಾಕ್ ತಗಲಿದರೆ ಅದು ಪಕ್ಕದ ನಾಯಿಯೇ ಕಚ್ಚಿತೆಂದುಕೊಂಡು ತಿರುಗಿ ಬೀಳಬಹುದು. ದೊಡ್ಡದು ಚಿಕ್ಕದರ ಮೇಲೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಕರೆಂಟು ಕೊಟ್ಟ ಮೊದಲ ದಿನಗಳಲ್ಲಿ ಯಾರಾದರೂ ಸ್ವಿಚ್ಚಿನ ಹತ್ತಿರ ಇರಬೇಕು. ಮನೆಯಲ್ಲಿ ಜನರಿಲ್ಲದಾಗ, ನಾಯಿ ಹಿತ್ತಲಿನಲ್ಲಿರುವಾಗ, ಯಂತ್ರ ಆರಿರಬೇಕು. ನರಿ ಬರುವುದು ಬಹುಮಟ್ಟಿಗೆ ರಾತ್ರಿ, ನಾಯಿ ಒಳಗೆ ಮಲಗುವುದೂ ರಾತ್ರಿ. ಟೈಮರ್ ಇಟ್ಟರೆ ಎರಡೂ ಕೆಲಸ ಆಗುತ್ತದೆ.

ಹೂತ ತಂತಿ ಮತ್ತು ಕೊರಳಪಟ್ಟಿಯ ಬೇಲಿ ಬೇರೆ ಜಾತಿಯದು. ಇಲ್ಲಿ ಶಾಕ್ ಕೊಡುವ ಮೊಳೆಗಳು ದಿನವಿಡೀ ಕೊರಳಿಗೆ ಒತ್ತಿರುತ್ತವೆ. ಒತ್ತಿದ ಜಾಗ ಹುಣ್ಣಾಗಬಹುದು. ಚಿಕ್ಕ ನಾಯಿಗೆ ಪೆಟ್ಟಿಗೆಯೇ ಭಾರ. ಕಣ್ಣಿಗೆ ಕಾಣದ ಗೆರೆಯಾದ್ದರಿಂದ ಶಾಕ್ ಎಲ್ಲಿಂದ ಬಂತೆಂದು ನಾಯಿಗೆ ತಿಳಿಯದು. ಹೊರಗಿನ ನಾಯಿಯನ್ನಾಗಲಿ ನರಿಯನ್ನಾಗಲಿ ಇದು ತಡೆಯುವುದೂ ಇಲ್ಲ. ಆರ್‌ಎಸ್‌ಪಿಸಿಎ, ಡಾಗ್ಸ್ ಟ್ರಸ್ಟ್, ಕೆನಲ್ ಕ್ಲಬ್ ಎಂಬ ಬ್ರಿಟಿಷ್ ಸಂಸ್ಥೆಗಳು ಮೂರೂ ಶಾಕ್ ಕೊಡುವ ಕೊರಳಪಟ್ಟಿಗಳನ್ನು ವಿರೋಧಿಸುತ್ತವೆ. ವೇಲ್ಸ್ 2010ರಲ್ಲೇ ಇವನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಕೈಯಿಂದ ಒತ್ತುವ ರಿಮೋಟ್ ಪಟ್ಟಿಗಳ ನಿಷೇಧಕ್ಕೆ 2023ರಲ್ಲಿ ಹೌಸ್ ಆಫ್ ಕಾಮನ್ಸ್ ಒಪ್ಪಿತು. 2024ರ ಫೆಬ್ರವರಿ 1ರಿಂದ ಅದು ಜಾರಿಯಾಗಬೇಕಿತ್ತು, ಆದರೆ ಹೌಸ್ ಆಫ್ ಲಾರ್ಡ್ಸ್‌ನ ಒಪ್ಪಿಗೆ ಸಿಗದೆ ನಿಂತುಹೋಯಿತು. ಆ ಕರಡಿನಲ್ಲೂ ಗಡಿಬೇಲಿಯ ಪಟ್ಟಿಗಳಿಗೆ ವಿನಾಯಿತಿ ಇತ್ತು.

ಉಳಿದ ಕಾನೂನು ಹೌನ್ಸ್ಲೋಗೆ ನೇರವಾಗಿ ಅನ್ವಯಿಸುತ್ತದೆ. 2006ರ ಪ್ರಾಣಿ ಕಲ್ಯಾಣ ಕಾಯ್ದೆಯಂತೆ ಸಾಕುಪ್ರಾಣಿಗೆ ಅನಗತ್ಯ ನೋವು ಕೊಡುವುದು ಅಪರಾಧ. ಬಲೆಯಲ್ಲಿ ಸಿಕ್ಕ ನಾಯಿಯನ್ನು ಗಮನಿಸದೆ ಬಿಟ್ಟವರೂ ಇದಕ್ಕೆ ಉತ್ತರ ಕೊಡಬೇಕು. 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಂತೆ ಹತೋಟಿ ತಪ್ಪಿದ ನಾಯಿಯ ಹೊಣೆ ಮಾಲೀಕರದು. ತಂತಿ ಕೈಕೊಟ್ಟಿತೆಂಬ ಮಾತು ರಕ್ಷಣೆಗೆ ಬರದು. ಹಿತ್ತಲಿನ ಬೇಲಿ 2 ಮೀಟರ್, ವಾಹನ ಓಡಾಡುವ ರಸ್ತೆಯ ಪಕ್ಕದ್ದು 1 ಮೀಟರ್ ಮೀರಿದರೆ ಕೌನ್ಸಿಲ್‌ನಿಂದ ಯೋಜನಾ ಅನುಮತಿ ಬೇಕು. ವಿದ್ಯುತ್ ತಂತಿ ಸ್ವಂತ ಜಾಗದ ಒಳಗೇ ಇರಬೇಕು. ಪಕ್ಕದ ಮನೆಯ ನಾಯಿಯ ಮೂಗಿಗೋ ಮಗುವಿನ ಕೈಗೋ ಎಟುಕಬಾರದು. ಜನ ಓಡಾಡುವ ಕಡೆ ಕನಿಷ್ಠ 10 ಸೆಂಟಿಮೀಟರ್‌ಗೆ 20 ಸೆಂಟಿಮೀಟರ್ ಅಳತೆಯ ಹಳದಿ ಎಚ್ಚರಿಕೆ ಫಲಕ ಬೇಕು. ಅಪಾಯ ಅರಿಯದ ಮಕ್ಕಳು ಒಂಟಿಯಾಗಿ ಬರಬಹುದಾದ ಜಾಗದಲ್ಲಿ ಯಂತ್ರಕ್ಕೂ ಬೇಲಿಗೂ ನಡುವೆ ಕನಿಷ್ಠ 500 ಓಮ್‌ನ ತಡೆಯನ್ನು ಸೇರಿಸಬೇಕೆಂದು ಮಾನಕದ ಸಲಹೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಮೊದಲು. ಹುಲ್ಲುಗಾವಲಿನ ಪಕ್ಕ ನಾಯಿಯನ್ನು ನಡೆಸುವವರು ಹಗ್ಗ ಗಿಡ್ಡ ಹಿಡಿಯಬೇಕು; ಚಿಕ್ಕ ನಾಯಿಯನ್ನು ಎತ್ತಿಕೊಂಡು ತಂತಿಯಡಿ ನುಸುಳಬಾರದು, ಏಕೆಂದರೆ ಆಗ ತಂತಿ ಮನುಷ್ಯನ ತಲೆಗೋ ಕತ್ತಿಗೋ ತಗಲುತ್ತದೆ.

ನಾಯಿ ತಂತಿಯಲ್ಲಿ ಸಿಕ್ಕಿಕೊಂಡರೆ ಮೊದಲ ಕೆಲಸ ಯಂತ್ರ ಆರಿಸುವುದು. ಮನೆಯವರೆಲ್ಲರಿಗೂ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿರಬೇಕು. ಆರಿಸಲಾಗದಿದ್ದರೆ ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ; ದಪ್ಪ ಟವೆಲ್ ಹೊದಿಸಿ ಬಿಡಿಸುವುದು ಮೇಲು. ಒಂದೇ ಬಡಿತ ತಿಂದು ಓಡಿಬಂದ ನಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಬಹಳ ಹೊತ್ತು ಸಿಕ್ಕಿದ್ದರೆ, ಬಾಯಲ್ಲಿ ಸುಟ್ಟ ಗುರುತಿದ್ದರೆ, ನಾಯಿ ಕುಸಿದಿದ್ದರೆ ಅಥವಾ ಏದುಸಿರು, ಕೆಮ್ಮು ಕಂಡರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಬೇಕು. ಮನೆಯ ಕರೆಂಟಿನ ವೈರ್ ಕಚ್ಚಿದ ನಾಯಿಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರವೂ ಆಗಬಹುದಾದ್ದರಿಂದ ಅದನ್ನು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ತೋರಿಸಲೇಬೇಕು.

ವಿದ್ಯುತ್ ಬೇಲಿ ಕೆಟ್ಟ ಸಾಧನವಲ್ಲ. ಕೋಳಿಯನ್ನು ನರಿಯಿಂದ, ನಾಯಿಯನ್ನು ರಸ್ತೆಯಿಂದ ಕಾಯಲು ನೆರವಾಗುವ ಸಾಧನ. ಅದರ ಬಲವನ್ನು ಮನೆಯ ಅತಿ ಚಿಕ್ಕ ನಾಯಿಗೆ, ಎತ್ತರವನ್ನು ಪ್ರತಿಯೊಂದು ನಾಯಿಯ ಮೂಗಿಗೆ ಹೊಂದಿಸಬೇಕು. ಗಟ್ಟಿಯಾದ ಬೇಲಿ ಅದಕ್ಕಿಂತ ಮೊದಲು ಬರಬೇಕು, ತಾಳ್ಮೆಯ ಪಾಠ ಎಲ್ಲಕ್ಕಿಂತ ಮೊದಲು ಬರಬೇಕು. ಇಷ್ಟನ್ನು ಮಾಡಲಾಗದ ಮನೆಯವರು ವಿದ್ಯುತ್ ತಂತಿಯನ್ನು ಕೊಳ್ಳದಿರುವುದೇ ನಾಯಿಗೆ ಮಾಡುವ ಉಪಕಾರ.